ಪೀಪಾಯಿ, ಪಿಂಪ, ಪೈಪು

ಕನ್ನಡದಲ್ಲಿ ‘ಪೀಪಾಯಿ’ ಎಂದರೆ ಯಾರ ಕಣ್ಣಿಗೂ ಮೊದಲು ಮದ್ಯ ಬರುವುದಿಲ್ಲ. ರಸ್ತೆ ಕೆಲಸದ ಪಕ್ಕದಲ್ಲಿ ಉರುಳಿಬಿದ್ದ ಡಾಂಬರಿನ ಪೀಪಾಯಿ, ನ್ಯಾಯಬೆಲೆ ಅಂಗಡಿಯ ಮೂಲೆಯಲ್ಲಿದ್ದ ಸೀಮೆಎಣ್ಣೆಯ ಪೀಪಾಯಿ, ಮನೆ ಕಟ್ಟುವಲ್ಲಿ ಗಾರೆ ಕಲೆಸಲು ನೀರು ತುಂಬಿಟ್ಟ ಪೀಪಾಯಿ: ನಮ್ಮ ನೆನಪಿನಲ್ಲಿ ನಿಂತಿರುವುದು ಇವೇ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಉಮರ್ಗಾ ತಾಲ್ಲೂಕಿನ ದಾಳಿಂಬದ ಕಡೆಗೆ ಬಂದರೆ ಅದರ ಹೆಸರು ‘ಪಿಂಪ’ ಎಂದಾಗುತ್ತದೆ. ಅದರೊಳಗಿನ ಸರಕೂ ಒಂದೇ ಆಗುತ್ತದೆ, ನೀರು. ಬೇಸಿಗೆಯಲ್ಲಿ ಅಂಗಳದಲ್ಲಿ ಎಷ್ಟು ಪಿಂಪ ತುಂಬಿವೆ ಎನ್ನುವುದು ಆ ಮನೆಯ ಆ ವಾರದ ನೆಮ್ಮದಿಯ ಲೆಕ್ಕ.

ಈ ಪದ ಹುಟ್ಟಿದ್ದು ದ್ರಾಕ್ಷಾರಸದ ಮನೆಯಲ್ಲಿ. ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು, ಘಟ್ಟ ಏರಿತು, ಮರಾಠಿಯಲ್ಲಿ ಒಂದು ರೂಪ, ಕನ್ನಡದಲ್ಲಿ ಇನ್ನೊಂದು ರೂಪ ತಾಳಿತು. ಮರ ಹೋಗಿ ಕಬ್ಬಿಣವಾಯಿತು, ಕಬ್ಬಿಣ ಹೋಗಿ ಪ್ಲಾಸ್ಟಿಕ್ ಆಯಿತು. ಮದ್ಯ ಹೋಗಿ ಎಣ್ಣೆ ಬಂತು, ಎಣ್ಣೆ ಹೋಗಿ ನೀರು ಬಂತು. ಇಷ್ಟೆಲ್ಲ ಬದಲಾದರೂ ಪದ ಮಾತ್ರ ಉಳಿಯಿತು. ಈಗ ಬೆಂಗಳೂರಿನ ಮೇಜುಗಳ ಮೇಲೆ ‘ಬ್ಯಾರೆಲ್ ಏಜ್ಡ್ ಸ್ಟೌಟ್’ ಎಂಬ ಕಡುಗಪ್ಪು ಬಿಯರು ಬಂದು ಕುಳಿತಿರುವಾಗ, ಆ ಹಳೆಯ ಮರದ ಪಾತ್ರೆ ಮತ್ತೆ ನಮ್ಮ ಮಾತಿಗೆ ಬಂದಿದೆ. ಅದನ್ನು ಕರೆಯಲು ನಮ್ಮಲ್ಲಿ ಪದ ಇದೆಯೇ ಎಂದು ಕೇಳಿದರೆ, ನಾಲ್ಕೈದು ಶತಮಾನದಿಂದ ಈ ನೆಲದಲ್ಲಿ ದುಡಿದ ಪದವೇ ಇದೆ ಎನ್ನುವುದು ನನ್ನ ಉತ್ತರ. ಅದರ ಬಾಳನ್ನು ಒಮ್ಮೆ ಉದ್ದಕ್ಕೂ ನೋಡಬೇಕು.

ಲ್ಯಾಟಿನ್ ಭಾಷೆಯಲ್ಲಿ ‘ಪಿಪಾರೆ’ ಎಂದರೆ ಮರಿಹಕ್ಕಿಯ ಹಾಗೆ ಚಿಲಿಪಿಲಿ ಎನ್ನುವುದು. ಅದು ಕಿವಿಗೆ ಕೇಳಿದ ಸದ್ದನ್ನೇ ಹಿಡಿದು ಮಾಡಿದ ಪದ. ನಮ್ಮ ಜಾತ್ರೆಯಲ್ಲಿ ಮಕ್ಕಳು ಊದುವ ‘ಪೀಪಿ’ಯೂ ಸದ್ದಿನಿಂದಲೇ ಹುಟ್ಟಿದ್ದು, ಎರಡಕ್ಕೂ ನಂಟಿಲ್ಲದಿದ್ದರೂ ಕಿವಿ ಒಂದೇ. ಆ ಸದ್ದಿನಿಂದ ಊದುವ ಕೊಳವೆಗೆ ‘ಪಿಪಾ’ ಎಂಬ ಹೆಸರು ಬಂತು. ಊದುವ ಕೊಳವೆಯಿಂದ ಯಾವುದೇ ಕೊಳವೆಗೆ, ಕೊಳವೆಯಿಂದ ಉದ್ದನೆಯ ದುಂಡು ಪಾತ್ರೆಗೆ ಅರ್ಥ ಸರಿಯಿತು. ಇಂಗ್ಲಿಷಿನ ‘ಪೈಪು’ ಕೊಳವೆಯ ಅರ್ಥವನ್ನು ಮುಖ್ಯವಾಗಿ ಉಳಿಸಿಕೊಂಡಿತು. ಪೋರ್ಚುಗೀಸರ ‘ಪೀಪ’ ಪಾತ್ರೆಯ ಅರ್ಥವನ್ನು ಬೆಳೆಸಿತು. ಹಾಗಾಗಿ ನಮ್ಮ ಪೈಪು ಮತ್ತು ಪೀಪಾಯಿ ಒಡಹುಟ್ಟಿದವರು. ಒಬ್ಬ ಇಂಗ್ಲಿಷರ ಕೈ ಹಿಡಿದು ಬಂದ, ಇನ್ನೊಬ್ಬ ಅವನಿಗಿಂತ ಬಹಳ ಮೊದಲೇ ಪೋರ್ಚುಗೀಸರ ಹಡಗಿನಲ್ಲಿ ಬಂದ. ಪೈಪಿನಲ್ಲಿ ನೀರು ಬಾರದ ದಿನ ಪೀಪಾಯಿಯನ್ನು ನೆಚ್ಚಿಕೊಂಡಿರುವ ಊರಿನಲ್ಲಿ ಈ ನಂಟು ಬರಿಯ ನಿಘಂಟಿನ ಮಾತಾಗಿ ಉಳಿಯುವುದಿಲ್ಲ.

ಯುರೋಪಿನಲ್ಲಿ ಪೀಪಾಯಿ ಪಾತ್ರೆಯೂ ಹೌದು, ಅಳತೆಯೂ ಹೌದು. ಇಂಗ್ಲಿಷರು ದ್ರಾಕ್ಷಾರಸ ಅಳೆಯುವಾಗ 252 ಗ್ಯಾಲನ್ನಿನ ದೊಡ್ಡ ಪೀಪಾಯಿಗೆ ‘ಟನ್’ ಎನ್ನುತ್ತಿದ್ದರು. ಅದರ ಅರ್ಧ, 126 ಗ್ಯಾಲನ್ನು, ಒಂದು ‘ಪೈಪ್’. ಹಡಗಿನಲ್ಲಿ ಇಂಥ ಎಷ್ಟು ಟನ್ ಹಿಡಿಸುತ್ತವೆ ಎಂಬ ಲೆಕ್ಕದಿಂದಲೇ ಹಡಗಿನ ‘ಟನ್ನೇಜು’ ಹುಟ್ಟಿತು, ಅಲ್ಲಿಂದ ಟನ್ ಎಂಬ ತೂಕ ಬಂತು. ಇಂದು ಉಮರ್ಗಾ, ನಿಲಂಗಾ ಕಡೆಯ ರೈತ ಕಾರ್ಖಾನೆಗೆ ಇಷ್ಟು ಟನ್ ಕಬ್ಬು ಹಾಕಿದೆ ಎನ್ನುವಾಗ ಅವನ ಬಾಯಲ್ಲಿ ಹಳೆಯ ದ್ರಾಕ್ಷಾರಸದ ಪೀಪಾಯಿಯೊಂದು ಉರುಳುತ್ತಿರುತ್ತದೆ.

ಲಿಸ್ಬನ್ನಿನಿಂದ ಗೋವೆಗೆ ಹಡಗಿನ ದಾರಿ ಸುಮಾರು ಆರು ತಿಂಗಳದ್ದು. ಅಷ್ಟು ದಿನ ಕುಡಿಯುವ ನೀರು, ದ್ರಾಕ್ಷಾರಸ, ಎಣ್ಣೆ ಎಲ್ಲವೂ ಪೀಪಾಯಿಗಳಲ್ಲೇ ಬರಬೇಕು. ಹಾಗಾಗಿ ಪೀಪಾಯಿಗೆ ನೀರಿನ ಕೆಲಸ ನಮ್ಮಲ್ಲಿ ಬಂದ ಮೇಲೆ ಸಿಕ್ಕಿದ್ದಲ್ಲ, ಹಡಗಿನಲ್ಲೇ ಅಂಟಿಕೊಂಡು ಬಂದದ್ದು. ಆ ಮರದ ಪಾತ್ರೆಯ ಜಾಣತನ ಅದರ ಆಕಾರದಲ್ಲಿದೆ. ಬಿಸಿ ತಾಗಿಸಿ ಬಾಗಿಸಿದ ಹಲಗೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಎರಡು ತುದಿಯಿಂದ ಕಬ್ಬಿಣದ ಬಳೆಗಳನ್ನು ಬಡಿದು ಬಿಗಿಯುತ್ತಾರೆ. ಒಂದು ಮೊಳೆಯಿಲ್ಲ, ಒಂದು ಚೂರು ಅಂಟಿಲ್ಲ. ಒಳಗೆ ದ್ರವ ತುಂಬಿದಾಗ ಮರ ನೆನೆದು ಉಬ್ಬುತ್ತದೆ, ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಹೊಟ್ಟೆ ಉಬ್ಬಿರುವುದರಿಂದ ಮಲಗಿಸಿದರೆ ನೆಲಕ್ಕೆ ತಾಗುವುದು ನಡುಭಾಗ ಮಾತ್ರ. ಕ್ವಿಂಟಲುಗಟ್ಟಲೆ ಭಾರವನ್ನು ಒಬ್ಬನೇ ಆಳು ಉರುಳಿಸಬಲ್ಲ, ಬೇಕಾದ ಕಡೆಗೆ ತಿರುಗಿಸಬಲ್ಲ.

ಇಂಥ ಪಾತ್ರೆ ನಮ್ಮಲ್ಲಿರಲಿಲ್ಲ. ನಮ್ಮ ದ್ರವಗಳೆಲ್ಲ ಮಣ್ಣು, ಲೋಹ ಮತ್ತು ತೊಗಲನ್ನು ನಂಬಿದ್ದವು. ಕುಡಿಯುವ ನೀರಿಗೆ ಕೊಡ, ಹರವಿ. ಮರಾಠವಾಡದ ಕಡೆ ನೆಲಕ್ಕೆ ಹೂತ ದೊಡ್ಡ ಮಣ್ಣಿನ ರಾಂಜಣ. ಸ್ನಾನದ ನೀರಿಗೆ ತಾಮ್ರದ ಹಂಡೆ. ನೀರು ಹೊತ್ತು ತರಲು ತೊಗಲಿನ ಪಖಾಲಿ. ಎಣ್ಣೆ, ತುಪ್ಪಕ್ಕೆ ತೊಗಲಿನ ಸಿದ್ದೆ. ಹಲಗೆ ಜೋಡಿಸಿ ಬಳೆ ಬಿಗಿದ ಮರದ ಪಾತ್ರೆಗೆ ಇಲ್ಲಿ ಹೆಸರೇ ಇರದಿದ್ದದ್ದು ಸಹಜ. ವಸ್ತು ಹೊಸದಾದಾಗ ಜನ ಅದರ ಹೆಸರನ್ನೂ ಜೊತೆಗೇ ಇಳಿಸಿಕೊಳ್ಳುತ್ತಾರೆ. ಮೇಜು, ಚಾವಿ, ಬಾಲ್ದಿ, ಬಟಾಟೆ, ಅನಾನಸು, ಪಗಾರ, ಲಿಲಾವು ಎಲ್ಲ ಹೀಗೆ ಪೋರ್ಚುಗೀಸರಿಂದ ಬಂದವೇ. ಉತ್ತರ ಕರ್ನಾಟಕದಲ್ಲೂ ಗಡಿಯಾಚೆಯ ಕನ್ನಡದಲ್ಲೂ ಇವು ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತುಗಳು. ಗೌಂಡಿಯ ತಲೆಯ ಮೇಲಿನ ಘಮೇಲಿಯೂ ಇದೇ ಸಾಲಿನದು. ಈ ಪದಗಳ ಪಟ್ಟಿ ನೋಡಿದರೆ ಒಂದು ಮಾತು ಸ್ಪಷ್ಟ: ಪಂಡಿತರು ತಂದ ಪದ ಇಲ್ಲಿ ಒಂದೂ ಇಲ್ಲ. ಎತ್ತುವ, ಇಳಿಸುವ, ತುಂಬುವ, ಮಾರುವ ಜನ ಕೈಯಿಂದ ಕೈಗೆ ದಾಟಿಸಿದ ಪದಗಳಿವು.

ಪಾತ್ರೆ ಇರಲಿಲ್ಲ ಎಂದರೆ ಕುಡಿತ ಇರಲಿಲ್ಲ ಎಂದಲ್ಲ. ‘ಕಳ್’ ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ತಮಿಳು, ಮಲಯಾಳ, ತೆಲುಗು, ಕನ್ನಡ ನಾಲ್ಕರಲ್ಲೂ ಆ ಬೇರು ಇದೆ. ಬೀದರ, ಕಲಬುರಗಿ, ಉಮರ್ಗಾ ಸೀಮೆಯಲ್ಲಿ ಈಚಲ ಮರದ ಕಳ್ಳಿಗೆ ‘ಸೇಂದಿ’ ಎಂದೂ ‘ಶಿಂದಿ’ ಎಂದೂ ಹೆಸರು. ಮರಾಠಿಯಲ್ಲಿ ಶಿಂದಿ ಎಂದರೆ ಆ ಮರವೂ ಹೌದು, ಅದರ ರಸವೂ ಹೌದು. ದಾಳಿಂಬದಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಶರಣನೊಬ್ಬನಿದ್ದ. ಹೆಂಡದ ಮಾರಯ್ಯ ಎಂದೇ ಅವನನ್ನು ಇಂದೂ ಕರೆಯುತ್ತೇವೆ. ತನ್ನ ಕಾಯಕದ ಮಾತುಗಳಲ್ಲೇ ಅವನು ವಚನ ಕಟ್ಟಿದ. ಕನ್ನಡದ ಅನುಭಾವಕ್ಕೆ ಹೆಂಡದ ಗಡಿಗೆಯೂ ಮೈಲಿಗೆಯಾಗಲಿಲ್ಲ ಎನ್ನುವುದಕ್ಕೆ ಅವನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಕಳ್ಳು, ಸೇಂದಿ ದಿನದ ಕುಡಿತ. ನಸುಕಿನಲ್ಲಿ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಮರುದಿನಕ್ಕೆ ಯಾರಿಗೂ ಬೇಡ. ಅದನ್ನು ಕೂಡಿಡುವ ಮಾತೇ ಇಲ್ಲ, ಗಡಿಗೆ ಸಾಕು. ವರ್ಷಗಟ್ಟಲೆ ಮುಚ್ಚಿಟ್ಟು ಕಾಯುವ ಪೀಪಾಯಿ ಆ ಬದುಕಿಗೆ ಬೇಕಿರಲೇ ಇಲ್ಲ. ಪೀಪಾಯಿ ಎಂಬ ಪದ ನಮ್ಮಲ್ಲಿಗೆ ಬಂದಾಗ ತನ್ನ ಮದ್ಯವನ್ನು ಕರಾವಳಿಯಲ್ಲೇ ಬಿಟ್ಟು ಬಂದದ್ದಕ್ಕೆ ಇದೇ ಕಾರಣ ಎಂದು ನನಗೆ ತೋರುತ್ತದೆ. ಈ ನೆಲ ಪಾತ್ರೆಯನ್ನು ತೆಗೆದುಕೊಂಡಿತು, ಅದರ ಮೂಲದ ಸರಕನ್ನು ತೆಗೆದುಕೊಳ್ಳಲಿಲ್ಲ.

ಗೋವೆಯನ್ನು ಪೋರ್ಚುಗೀಸರು 1510ರಲ್ಲಿ ಗೆದ್ದುಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ. ಅದೇ ಆದಿಲ್‌ಶಾಹಿಗಳ ಕೋಟೆ ನಳದುರ್ಗ ದಾಳಿಂಬದ ಹೆದ್ದಾರಿಯ ಮೇಲೇ ಇದೆ. ಅಲ್ಲಿ ಬೋರಿ ನದಿಗೆ ಅಡ್ಡಗಟ್ಟೆ ಕಟ್ಟಿ, ಗಟ್ಟೆಯ ಹೊಟ್ಟೆಯೊಳಗೆ ಪಾಣಿಮಹಲ್ ಕಟ್ಟಿಸಿದ್ದು 1613ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಹನ ಕಾಲದಲ್ಲಿ. ಕರಾವಳಿಯಿಂದ ಬಯಲಿಗೆ ಕುದುರೆ, ಬಟ್ಟೆ, ಸಂಬಾರ ಓಡಾಡುತ್ತಿದ್ದ ದಾರಿಗಳಲ್ಲಿ ಮಾತೂ ಓಡಾಡಿತು. ತುಂಬಿದ ದೊಡ್ಡ ಪೀಪಾಯಿ ಅರ್ಧ ಟನ್ ತೂಗುತ್ತದೆ. ಅದು ಹೇರೆತ್ತಿನ ಬೆನ್ನಿಗೆ ಆಗುವ ಹೊರೆಯಲ್ಲ. ಸಣ್ಣ ಪೀಪಾಯಿಗಳು, ಆಮೇಲೆ ಗಾಡಿರಸ್ತೆ, ರೈಲು ಬಂದ ಮೇಲೆ ದೊಡ್ಡವು, ಹೀಗೆ ವಸ್ತು ನಿಧಾನಕ್ಕೆ ಬಂತು. ಪದಕ್ಕೆ ಅಂಥ ತೊಡಕಿಲ್ಲ.

ಬಂದ ಪದವನ್ನು ಒಂದೊಂದು ಭಾಷೆ ಒಂದೊಂದು ಬಗೆಯಲ್ಲಿ ತಿದ್ದಿಕೊಂಡಿತು. ಹಿಂದಿ, ತೆಲುಗಿನಲ್ಲಿ ಪೀಪಾ, ಗುಜರಾತಿಯಲ್ಲಿ ಪೀಪ್, ತಮಿಳಿನಲ್ಲಿ ಪೀಪ್ಪಾಯ್, ಮಲಯಾಳದಲ್ಲಿ ವೀಪ್ಪ, ಸಿಂಹಳದಲ್ಲಿ ಪೀಪ್ಪಯ. ಇಂಥ ಪದಗಳನ್ನು ಏಷ್ಯಾದ ಹತ್ತಾರು ಭಾಷೆಗಳಿಂದ ಹೆಕ್ಕಿ ಒಂದೆಡೆ ಸೇರಿಸಿದವರು ಗೋವೆಯ ಅಸಗಾಂವಿನಲ್ಲಿ 1855ರಲ್ಲಿ ಹುಟ್ಟಿದ ಪಾದ್ರಿ ಸೆಬಾಸ್ಟಿಯಾವ್ ರೊಡಾಲ್ಫೊ ದಾಲ್ಗಾದೊ. ಏಷ್ಯಾದ ಭಾಷೆಗಳ ಮೇಲೆ ಪೋರ್ಚುಗೀಸ್ ಪದಸಂಪತ್ತಿನ ಪ್ರಭಾವ ಕುರಿತ ಅವರ ಕೋಶ 1913ರಲ್ಲಿ ಹೊರಬಂತು; 1936ರಲ್ಲಿ ಬರೋಡಾದಿಂದ ಅದರ ಇಂಗ್ಲಿಷ್ ಅನುವಾದವೂ ಬಂತು. ಮಧುಮೇಹದಿಂದ ಕಾಲುಗಳನ್ನು ಕಳೆದುಕೊಂಡ ಮೇಲೂ ಅವರು ಪದ ಕೂಡಿಹಾಕುವ ಕೆಲಸ ಬಿಡಲಿಲ್ಲ. ಕೊಂಕಣಿ ಮಾತಾಡುವ ಒಬ್ಬ ಗೋವೆಯವನ ಆ ಶ್ರಮ ಇಲ್ಲದಿದ್ದರೆ, ನಮ್ಮ ಅಂಗಳದ ಪೀಪಾಯಿಗೆ ಕೊಲಂಬೊದಲ್ಲೂ ಕೊಚ್ಚಿಯಲ್ಲೂ ದಾಯಾದಿಗಳಿದ್ದಾರೆ ಎಂದು ತಿಳಿಯಲು ನಾವು ಬಹಳ ಅಲೆಯಬೇಕಿತ್ತು.

ಕನ್ನಡದ ‘ಆಯಿ’ ಎಲ್ಲಿಂದ ಬಂತು? ರೂಪಾಯಿ, ಸಿಪಾಯಿ, ಮಿಠಾಯಿ, ಪಪ್ಪಾಯಿ, ಸಾರಾಯಿ ಎಂದು ಸಾಲಾಗಿ ಹೇಳಿ ನೋಡಿದರೆ ಉತ್ತರ ಅಲ್ಲೇ ಇದೆ. ಇವು ಬೇರೆಬೇರೆ ಕಡೆಯಿಂದ ಬಂದ ಪದಗಳು, ಆದರೆ ಕನ್ನಡದ ನಾಲಗೆ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿ ತೆಗೆದಿದೆ. ಈ ಅಚ್ಚಿಗೆ ಬಿದ್ದ ಮೇಲೆ ಪದಕ್ಕೆ ವಿಭಕ್ತಿ ಹಚ್ಚುವುದು ಸಲೀಸು: ಪೀಪಾಯಿಗೆ, ಪೀಪಾಯಿಯಲ್ಲಿ, ಪೀಪಾಯಿಗಳು. ಎಲ್ಲೂ ತಡವರಿಕೆ ಇಲ್ಲ. ಪರಭಾಷೆಯ ಪದವೊಂದು ನಮ್ಮದಾಗಿದೆಯೇ ಎಂದು ನೋಡಲು ನಾನು ನಂಬುವ ಪರೀಕ್ಷೆ ಇದು. ಅದರ ಬಾಲಕ್ಕೆ ನಮ್ಮ ಪ್ರತ್ಯಯ ಒರಟಾಗದೆ ಕೂರಬೇಕು.

ಮರಾಠಿಯ ಪಿಂಪಕ್ಕೆ ನಡುವೆ ಒಂದು ‘ಮ್’ ಹೇಗೆ ಬಂತು ಎನ್ನುವುದೂ ಸ್ವಾರಸ್ಯದ ಮಾತು. ಮೂಲದ ಪೀಪದಲ್ಲಿ ಅನುನಾಸಿಕ ಇಲ್ಲ. ಆದರೆ ಉತ್ತರದ ಭಾಷೆಗಳಿಗೆ ಇದು ಹಳೆಯ ಚಾಳಿ. ಸಂಸ್ಕೃತದ ಸರ್ಪ ಹಿಂದಿಯಲ್ಲಿ ಸಾಂಪ್ ಆಯಿತು, ಅಕ್ಷಿ ಆಂಖ್ ಆಯಿತು. ಇಲ್ಲದ ಮೂಗಿನ ಸ್ವರ ತಾನಾಗಿ ಸೇರಿತು. ಪೀಪಕ್ಕೂ ಅದೇ ಸೇರಿ ಪಿಂಪವಾಯಿತು. ದಾಳಿಂಬ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳಿ: ಸಂಸ್ಕೃತದ ದಾಡಿಮ ಕನ್ನಡದಲ್ಲಿ ದಾಳಿಂಬೆ, ಮರಾಠಿಯಲ್ಲಿ ಡಾಳಿಂಬ. ಅಲ್ಲಿ ಮೊದಲೇ ಇದ್ದ ಮಕಾರಕ್ಕೆ ಒಂದು ಬಕಾರ ಜೊತೆಯಾಯಿತು. ದಾರಿ ಬೇರೆ, ಕಿವಿಗೆ ಸಿಗುವ ಇಂಪು ಒಂದೇ ಬಗೆಯದು. ದಾಳಿಂಬದಲ್ಲಿ ಪಿಂಪ ಎಂದರೆ ಪದ ತನ್ನ ಊರಿನಲ್ಲೇ ಇದ್ದ ಹಾಗೆ ಕೇಳಿಸುತ್ತದೆ.

ಈ ಎರಡು ರೂಪಗಳು ಒಂದೇ ಮನೆಯಲ್ಲಿ ಕೂಡುವ ಪ್ರದೇಶ ಇದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ನಿಜಾಮನ ಹೈದರಾಬಾದು ಒಡೆದು ಮೂರು ಭಾಷೆಯ ರಾಜ್ಯಗಳಿಗೆ ಹಂಚಿಹೋದಾಗ ಇವು ಮುಂಬಯಿ ರಾಜ್ಯಕ್ಕೆ, ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾದಾಗ ಅದರ ಪಾಲಾದವು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿ ಉಳಿಯಿತು. ನಕಾಶೆಯ ಗೆರೆ ಸರಿದರೂ ಅಡುಗೆಮನೆಯ ಕನ್ನಡ ಸರಿಯಲಿಲ್ಲ. ಹೊರಗೆ ಮರಾಠಿ, ಒಳಗೆ ಕನ್ನಡ, ಸಂತೆಯಲ್ಲಿ ದಖನಿ ಉರ್ದು ಎನ್ನುವ ಮನೆಗಳಲ್ಲಿ “ನೀರ ಬಂದಾವೇನು? ಪಿಂಪ ತುಂಬಿಟ್ಟೀರಿಲ್ಲೊ?” ಎಂದು ಕೇಳಿದರೆ ಅದು ಪೂರ್ತಿ ಕನ್ನಡ ವಾಕ್ಯವೇ. ನೀರನ್ನು ಬಹುವಚನದಲ್ಲಿ ಕರೆಯುವ ಆ ಕನ್ನಡದಲ್ಲಿ ಲಿಸ್ಬನ್ನಿನ ಪದವೊಂದು ಯಾವ ಪರಕೀಯತೆಯೂ ಇಲ್ಲದೆ ಕೂತಿದೆ.

ಪದದ ವೃತ್ತಿ ಬದಲಾದ ಬಗೆಯನ್ನೂ ನೋಡಬೇಕು. ಮರದ ಪೀಪಾಯಿಯ ಜಾಗಕ್ಕೆ ಉಕ್ಕಿನ ಡ್ರಮ್ಮು ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. 1905ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ತಯಾರಿಸಿದ ಕಾರ್ಖಾನೆ ನಡೆಸುತ್ತಿದ್ದವಳು ಹಿಂದೆ ಪತ್ರಕರ್ತೆಯಾಗಿ ಜಗತ್ತನ್ನು ಸುತ್ತಿ ಹೆಸರಾಗಿದ್ದ ನೆಲ್ಲಿ ಬ್ಲೈ. ಮುಂದೆ ಸೀಮೆಎಣ್ಣೆ, ಡೀಸೆಲ್, ಡಾಂಬರು, ರಾಸಾಯನಿಕಗಳು ಇದರಲ್ಲೇ ಊರೂರಿಗೆ ಹೋದವು. ಗಡಿಸೀಮೆಯಲ್ಲಿ ಘಾಸಲೇಟ್ ಎಂದು ಕರೆಯುತ್ತಿದ್ದ ಸೀಮೆಎಣ್ಣೆ ಬಂದದ್ದು, ರಸ್ತೆಗೆ ಡಾಂಬರು ಬಂದದ್ದು ಇದರಲ್ಲೇ. ಜನ ಹೊಸ ಹೆಸರು ಹುಡುಕಲಿಲ್ಲ. ಇದ್ದ ಪೀಪಾಯಿಯೇ ಕಬ್ಬಿಣವಾಯಿತು. ಉತ್ತರ ಭಾರತದಲ್ಲಿ ಪದ ಇನ್ನೊಂದು ಕೆಲಸಕ್ಕೂ ಹೊರಳಿತು. ಪ್ರಯಾಗದ ಕುಂಭಮೇಳದಲ್ಲಿ ಗಂಗೆಗೆ ಅಡ್ಡಲಾಗಿ ತೇಲುವ ಉಕ್ಕಿನ ಡೋಣಿಗಳ ಮೇಲೆ ಹಾಸಿದ ಸೇತುವೆಗೆ ಹಿಂದಿಯಲ್ಲಿ ‘ಪೀಪೇ ಕಾ ಪುಲ್’ ಎನ್ನುತ್ತಾರೆ. ಒಳಗೆ ತುಂಬಿಸಿಕೊಳ್ಳುವ ಪಾತ್ರೆ ಅಲ್ಲಿ ಖಾಲಿಯಿದ್ದು ತೇಲಿಸುವ ಪಾತ್ರೆಯಾಯಿತು.

ಕೊನೆಗೆ ಬಂದದ್ದು ನೀರು. ಎಣ್ಣೆ ಖಾಲಿಯಾದ ಡ್ರಮ್ಮನ್ನು ತೊಳೆದು, ಬಿಸಿಲಿಗಿಟ್ಟು, ಮೇಲ್ಭಾಗ ಕತ್ತರಿಸಿ ನೀರು ತುಂಬಿಡುವ ರೂಢಿ ಬಂತು. ಈಗ ಅದೇ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ಕಿನದು ನಿಂತಿದೆ. 2016ರ ಬೇಸಿಗೆಯಲ್ಲಿ ಲಾತೂರಿಗೆ ನೀರು ಕೊಡುವ ಮಾಂಜ್ರಾ ಜಲಾಶಯ ಒಣಗಿದಾಗ ಪಿಂಪ ಎಂಬ ಪದ ಇಡೀ ದೇಶದ ಕಣ್ಣೆದುರಿಗೆ ಬಂತು. ನೀರಿನ ಟ್ಯಾಂಕುಗಳ ಬಳಿ ಗಲಾಟೆಯಾಗದಿರಲೆಂದು ಮಾರ್ಚಿನಲ್ಲಿ 144ನೆಯ ಸೆಕ್ಷನ್ ಹಾಕಬೇಕಾಯಿತು. ಏಪ್ರಿಲ್ 12ರಂದು, ಸುಮಾರು 340 ಕಿಲೋಮೀಟರ್ ದೂರದ ಮೀರಜಿನಿಂದ ಹತ್ತು ವ್ಯಾಗನ್ನುಗಳಲ್ಲಿ ಐದು ಲಕ್ಷ ಲೀಟರ್ ನೀರು ತುಂಬಿಕೊಂಡ ರೈಲು ಲಾತೂರಿಗೆ ಬಂತು. ‘ಜಲದೂತ’ ಎಂದು ಅದಕ್ಕೆ ಹೆಸರಾಯಿತು. ಮುಂದೆ ಐವತ್ತು ವ್ಯಾಗನ್ನುಗಳಲ್ಲಿ 25 ಲಕ್ಷ ಲೀಟರ್ ಒಂದೇ ಸಲಕ್ಕೆ ಬರತೊಡಗಿತು. ಆ ದಿನಗಳಲ್ಲಿ ಮನೆಮನೆಯ ಮುಂದೆ ಸಾಲಾಗಿ ನಿಂತಿದ್ದವು ಪಿಂಪಗಳೇ. ಟ್ಯಾಂಕರ್ ಬಂದಾಗ ಎಷ್ಟು ಪಿಂಪ ಸಿಕ್ಕಿತು ಎನ್ನುವುದೇ ಮಾತು. ಲಿಸ್ಬನ್ನಿನಲ್ಲಿ ದ್ರಾಕ್ಷಾರಸದ ಅಳತೆಯಾಗಿದ್ದ ಪದ ಮರಾಠವಾಡದಲ್ಲಿ ಬಾಯಾರಿಕೆಯ ಅಳತೆಯಾಯಿತು.

ಈ ಪದದ ಬಗ್ಗೆ ನಾನು ಕೆದಕಲು ಶುರುಮಾಡಿದ್ದಕ್ಕೆ ಬೆಂಗಳೂರಿನಲ್ಲಿ ಗೆಳೆಯರು ಕೂಡಿದ್ದ ಒಂದು ಸಂಜೆ ಕಾರಣ. ಹೊರದೇಶದಿಂದ ಬಂದವನೊಬ್ಬ ಒಂದೇ ಸ್ಟೌಟಿನ ಮೂರು ಬಗೆ ತಂದಿದ್ದ: ಪೀಪಾಯಿ ಕಾಣದ್ದು, ಬರ್ಬನ್ ವಿಸ್ಕಿಯ ಹಳೆಯ ಪೀಪಾಯಿಯಲ್ಲಿ ಮಾಗಿದ್ದು, ರಮ್ಮಿನ ಹಳೆಯ ಪೀಪಾಯಿಯಲ್ಲಿ ಮಾಗಿದ್ದು. ಇವು ಗಟಗಟ ಕುಡಿಯುವ ಬಿಯರಲ್ಲ. ಮಾದಕದ ಪ್ರಮಾಣ ಶೇಕಡಾ ಹತ್ತನ್ನು ದಾಟಿರುತ್ತದೆ, ಒಂದು ಬಾಟಲಿಯನ್ನು ನಾಲ್ಕೈದು ಜನ ಹಂಚಿಕೊಳ್ಳಬೇಕು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟೆವು, ಏಕೆಂದರೆ ತೀರ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಸಣ್ಣ ಗಾಜಿನ ಲೋಟಗಳಿಗೆ ಎರಡೆರಡು ಗುಟುಕಿನಷ್ಟು ಬಗ್ಗಿಸಿದೆವು. ಕಂದು ನೊರೆ ಬೇಗ ಇಳಿಯಿತು. ಲೋಟ ಓರೆ ಮಾಡಿದರೆ ಕಪ್ಪು ದ್ರವ ಗೋಡೆಗೆ ಅಂಟಿ ನಿಧಾನಕ್ಕೆ ಜಾರಿತು.

ಮೊದಲನೆಯದರಲ್ಲಿ ಹುರಿದ ಕಾಫಿಬೀಜ, ಕರಕಾದ ರೊಟ್ಟಿಯ ಅಂಚು, ನಾಲಗೆಯ ಹಿಂಬದಿಯಲ್ಲಿ ನಿಲ್ಲುವ ಕಹಿ. ಎರಡನೆಯದನ್ನು ಮೂಗಿನ ಹತ್ತಿರ ತಂದಾಗ ಒಬ್ಬ “ಒಣಕೊಬ್ಬರಿ” ಎಂದ, ಇನ್ನೊಬ್ಬ “ವೆನಿಲಾ” ಎಂದ. ಇಬ್ಬರೂ ಸರಿ. ಓಕ್ ಮರದಲ್ಲಿರುವ ಲ್ಯಾಕ್ಟೋನ್ ಎಂಬ ಅಂಶಕ್ಕೆ ಕೊಬ್ಬರಿಯ ವಾಸನೆ. ಮರದ ಲಿಗ್ನಿನ್ ಬೆಂಕಿಗೆ ಒಡೆದಾಗ ಹುಟ್ಟುವುದು ವೆನಿಲಿನ್. ಬರ್ಬನ್ ಮಾಗಿಸಲು ಹೊಸದಾಗಿ ಮಾಡಿ ಒಳಮೈ ಸುಟ್ಟ ಓಕ್ ಪಾತ್ರೆಯೇ ಆಗಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಹಾಗಾಗಿ ಒಂದು ಸಲ ಬಳಸಿದ ಪೀಪಾಯಿಗಳು ಅಲ್ಲಿ ರಾಶಿಯಾಗಿ ಉಳಿಯುತ್ತವೆ. ಅವು ಸ್ಕಾಟ್ಲೆಂಡಿಗೆ, ನಮ್ಮ ಬೆಂಗಳೂರಿಗೆ, ಬಿಯರ್ ಮಾಡುವವರಿಗೆ ಹೋಗುತ್ತವೆ. ಮರದೊಳಗೆ ಇಂಗಿದ ವಿಸ್ಕಿ ತಿಂಗಳುಗಟ್ಟಲೆ ಕೂತ ಸ್ಟೌಟಿಗೆ ಬಿಟ್ಟುಕೊಳ್ಳುತ್ತದೆ. 1990ರ ದಶಕದಲ್ಲಿ ಷಿಕಾಗೊದ ಗೂಸ್ ಐಲೆಂಡ್ ಬ್ರೂವರಿ ಇದನ್ನು ಹೆಸರಿಗೆ ತಂದಿತು. ಮೂರನೆಯದರಲ್ಲಿ ಕಹಿ ಹಿಂದೆ ಸರಿದಿತ್ತು. ಬೆಲ್ಲದ ಪಾಕ ಹತ್ತಿದ ವಾಸನೆ ಮುಂದಿತ್ತು. ರಮ್ಮು ಕಬ್ಬಿನ ಕಾಕಂಬಿಯಿಂದ ಆದದ್ದು, ಅದರ ಪೀಪಾಯಿ ಆ ಮೂಲವನ್ನು ಮರೆತಿರಲಿಲ್ಲ.

ದಾಳಿಂಬದ ಕಡೆಯ ಗೆಳೆಯನೊಬ್ಬ ನಮ್ಮ ನಡುವೆ ಇದ್ದ. ಮೂರನೆಯ ಲೋಟ ಮೂಸಿ, “ಗಾಣದ ಮನಿ ಹೊಕ್ಕಂಗಾತು” ಎಂದ. ಬಾಟಲಿಯ ಚೀಟಿಯ ಮೇಲಿನ ಪೀಪಾಯಿಯ ಚಿತ್ರ ನೋಡಿ, “ನಮ್ಮ ಕಡಿ ಇದಕ್ಕ ಪಿಂಪ ಅಂತಾರ. ಅದರಾಗ ನೀರ ಬಿಟ್ಟು ಬ್ಯಾರೆ ಏನೂ ನೋಡಿಲ್ಲ ನಾ” ಎಂದ. ಉಳಿದವರು ಬ್ಯಾರೆಲ್ ಎನ್ನುತ್ತಿದ್ದೆವು. ನನಗೆ ಪೀಪಾಯಿ ನೆನಪಾಯಿತು. ಮೂರೂ ಒಂದೇ ವಸ್ತುವಿನ ಹೆಸರು, ಆದರೆ ಮೂರು ಬೇರೆ ಬದುಕಿನಿಂದ ಬಂದ ಹೆಸರು.

ಪೀಪಾಯಿಯಲ್ಲಿ ಇಟ್ಟರೆ ರುಚಿ ಏರುತ್ತದೆ ಎನ್ನುವ ತಿಳಿವಿನಲ್ಲಿ ಭಾರತದ ಹಡಗುದಾರಿಗೂ ಒಂದು ಪಾಲಿದೆ. ಮದೀರಾ ದ್ವೀಪದ ದ್ರಾಕ್ಷಾರಸದ ಪೀಪಾಯಿಗಳು ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ದಾಟಿ ಭಾರತದವರೆಗೆ ಬಂದು, ಮಾರಾಟವಾಗದೆ ಮರಳಿದಾಗ ಮೊದಲಿಗಿಂತ ರುಚಿಯಾಗಿದ್ದವು. ಸೆಕೆ ಮತ್ತು ಮರ ಸೇರಿ ಮಾಡಿದ ಕೆಲಸ ಅದು. ಆಮೇಲೆ ರುಚಿಗೆಂದೇ ಪೀಪಾಯಿಗಳನ್ನು ಹಡಗೇರಿಸಿ ಸುತ್ತಿಸತೊಡಗಿದರು; ಅದಕ್ಕೆ ‘ವಿನ್ಯು ದ ರೋದ’, ಸುತ್ತಿ ಬಂದ ದ್ರಾಕ್ಷಾರಸ, ಎಂದು ಹೆಸರಿಟ್ಟರು. ಸ್ಟೌಟಿನ ಹಿರಿಯನಾದ ಪೋರ್ಟರ್ ಕೂಡ 18ನೆಯ ಶತಮಾನದ ಲಂಡನ್ನಿನಲ್ಲಿ ಮರದ ದೊಡ್ಡ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗುತ್ತಿತ್ತು. ಅದರ ಕಡಕ್ ಬಗೆಯನ್ನೇ ‘ಸ್ಟೌಟ್ ಪೋರ್ಟರ್’ ಎಂದು ಕರೆದು, ಆಮೇಲೆ ಹೆಸರನ್ನು ಅರ್ಧಕ್ಕೆ ಇಳಿಸಿದರು. ಅಲ್ಲಿಂದ ಪೀಪಾಯಿಗಳಲ್ಲಿ ಅದು ಭಾರತದ ದಂಡುಪ್ರದೇಶಗಳಿಗೂ ಬರುತ್ತಿತ್ತು. ದಕ್ಷಿಣದ ಐದು ಬ್ರೂವರಿಗಳು ಕೂಡಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆದಾಗಲೂ ಅದರ ಬಿಯರು ದೊಡ್ಡ ಪೀಪಾಯಿಗಳಲ್ಲೇ ಬ್ರಿಟಿಷ್ ದಂಡಿಗೆ ಹೋಗುತ್ತಿತ್ತು. ಲೋಹದ ಪಾತ್ರೆ ಬಂದು ಮರವನ್ನು ಹೊರಗೆ ಹಾಕಿತು. ಈಗ ರುಚಿಗಾಗಿ ಮರ ಮರಳಿದೆ.

ಬೆಂಗಳೂರಿನ ಸೆಕೆ ಈ ಮಾಗುವಿಕೆಗೆ ತನ್ನದೇ ವೇಗ ಕೊಟ್ಟಿದೆ. 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲೇ ಬಿಡುಗಡೆ ಮಾಡಿತು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡಾ ಎರಡರಷ್ಟು ವಿಸ್ಕಿ ಪೀಪಾಯಿಯ ಮರದಿಂದ ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಶೇಕಡಾ ಹತ್ತು ಹನ್ನೆರಡರವರೆಗೆ ಹೋಗುತ್ತದೆ. ಅದೇ ಸೆಕೆಯಲ್ಲಿ ಉಳಿದದ್ದು ಬೇಗ ಮಾಗುತ್ತದೆ. ಹಾಗಾಗಿ ಪೀಪಾಯಿಯಲ್ಲಿ ಮಾಗಿಸುವ ವಿದ್ಯೆ ಇಂದು ಕನ್ನಡನಾಡಿನಲ್ಲೇ ಬೇರೂರಿದೆ. ಅದನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ಮಾತ್ರ ‘ಬ್ಯಾರೆಲ್ ಏಜ್ಡ್’ ಎಂದೇ ಬರೆಯುತ್ತೇವೆ. ಕಚ್ಚಾತೈಲದ ಬೆಲೆಯ ಸುದ್ದಿಯಲ್ಲೂ ಬ್ಯಾರೆಲ್ಲೇ.

ನನ್ನ ಆಗ್ರಹ ಸರಳವಾದದ್ದು. ‘ಪೀಪಾಯಿಯಲ್ಲಿ ಮಾಗಿದ ಸ್ಟೌಟ್’ ಎನ್ನಬಹುದು. ಎರಡೂ ಪದ ನಮ್ಮ ಕೈಯಲ್ಲೇ ಇವೆ. ಮಾಗು ಎಂಬ ಕ್ರಿಯಾಪದ ಕಾಯುವಿಕೆಯನ್ನೂ ಪಕ್ವತೆಯನ್ನೂ ಒಟ್ಟಿಗೆ ಹೇಳುತ್ತದೆ. ಹಣ್ಣಿಗೂ ಸಲ್ಲುತ್ತದೆ, ಮನುಷ್ಯರಿಗೂ ಸಲ್ಲುತ್ತದೆ. ಸ್ಟೌಟ್ ಎನ್ನುವುದು ಹೊಸ ವಸ್ತುವಿನ ಹೆಸರು, ಅದು ಇರಲಿ. ನಾಲ್ಕುನೂರು ವರ್ಷದ ಹಿಂದೆ ಪೀಪವನ್ನು ಹೇಗೆ ಒಳಗೆ ಬಿಟ್ಟುಕೊಂಡೆವೋ ಹಾಗೆ ಅದನ್ನೂ ಬಿಟ್ಟುಕೊಳ್ಳೋಣ. ಆದರೆ ಮನೆಯಲ್ಲಿ ಇರುವ ಪದವನ್ನು ಮೂಲೆಗೆ ಸರಿಸಿ ಅದೇ ವಸ್ತುವಿಗೆ ಮತ್ತೊಂದನ್ನು ತರುವ ಅಗತ್ಯ ಏನಿದೆ?

ಪೀಪಾಯಿ ಕೇಳಲು ಒರಟು, ಡಾಂಬರು ಸೀಮೆಎಣ್ಣೆಯ ನೆನಪು ತರುತ್ತದೆ, ನಯವಾದ ಗಾಜಿನ ಲೋಟದ ಪಕ್ಕ ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಆ ಒರಟುತನವನ್ನು ನಾನು ಅದರ ಸಂಪಾದನೆ ಎಂದು ಎಣಿಸುತ್ತೇನೆ. ಒಂದು ಲೆಕ್ಕ ನೋಡಿ. ಬರ್ಬನ್ನಿನ ಓಕ್ ಪೀಪಾಯಿ ಹಿಡಿಸುವುದು 53 ಗ್ಯಾಲನ್, ಎಂದರೆ ಸುಮಾರು 200 ಲೀಟರ್. ಉಕ್ಕಿನ ಡ್ರಮ್ಮು ಹಿಡಿಸುವುದು 55 ಗ್ಯಾಲನ್, ಸುಮಾರು 208 ಲೀಟರ್. ವಿಸ್ಕಿ, ಸ್ಟೌಟು ಮಾಗುವ ಪೀಪಾಯಿಗೂ ಅಂಗಳದಲ್ಲಿ ನೀರು ತುಂಬಿಡುವ ಪಿಂಪಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ, ಒಂದೇ ಹೆಸರು. ಒಂದರಲ್ಲಿರುವುದು ಬಿಡುವಿದ್ದವರ ಸಂತೋಷ, ಇನ್ನೊಂದರಲ್ಲಿರುವುದು ಮನೆಮಂದಿಯ ಒಂದೆರಡು ದಿನದ ಬದುಕು. ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರದ ಮನೆಗಳು ಈ ಪದವನ್ನು ಸಂತೋಷಕ್ಕಾಗಿ ಇಟ್ಟುಕೊಂಡವಲ್ಲ, ಅದಿಲ್ಲದೆ ದಿನ ಕಳೆಯದು ಎಂದು ಇಟ್ಟುಕೊಂಡವು. ಬೇಸಿಗೆಯ ಮೇಲೆ ಬೇಸಿಗೆ ಅದನ್ನು ನಾಲಗೆಯ ಮೇಲೆ ಬದುಕಿಸಿದವರು ಅವರೇ. ಗೆಳೆಯರ ಜೊತೆ ಕೂತು ಸ್ಟೌಟಿನ ರುಚಿ ಹೋಲಿಸುವ ನಾವು ಪೀಪಾಯಿ ಎಂದಾಗ, ಅವರು ಕಾಪಾಡಿದ ಪದವನ್ನು ಎರವಲು ಪಡೆಯುತ್ತಿದ್ದೇವೆ ಎನ್ನುವ ತಿಳಿವು ನಮಗಿರಬೇಕು. ಆ ತಿಳಿವಿನಿಂದ ಬಳಸಿದರೆ ಪದಕ್ಕೂ ಮರ್ಯಾದೆ, ಅದನ್ನು ಉಳಿಸಿದವರಿಗೂ ಮರ್ಯಾದೆ.